ಹಾಕಿದ ಒಸಡು ನಿಂತಿದೆ: ಜಯನಗರದ ಕ್ಲಿನಿಕ್ ಬಗ್ಗೆ ಆರು ವರ್ಷದ ನಂತರ

ಹಲ್ಲಿನ ಕ್ಲಿನಿಕ್‌ಗಳ ಬಗ್ಗೆ ಜನ ಬರೆಯುವುದು ಹೆಚ್ಚಾಗಿ ಹೊಲಿಗೆ ಬಿಚ್ಚಿದ ವಾರದಲ್ಲೇ. ನೋವಾಗಲಿಲ್ಲ, ಡಾಕ್ಟರ್ ಚೆನ್ನಾಗಿ ಮಾತಾಡಿಸಿದರು, ಜಾಗ ಚೊಕ್ಕಟವಾಗಿತ್ತು ಅಂತ ಬರೆದು ಐದು ಸ್ಟಾರ್ ಕೊಟ್ಟುಬಿಡುತ್ತಾರೆ. ಇಂಪ್ಲಾಂಟ್, ಅಂದರೆ ಕಿತ್ತ ಹಲ್ಲಿನ ಜಾಗದಲ್ಲಿ ಮೂಳೆಗೆ ಹಾಕುವ ಸ್ಕ್ರೂ, ಅದರ ಸುತ್ತ ಒಸಡು ಕಸಿ ಮಾಡಿಸಿಕೊಂಡವರ ಮಟ್ಟಿಗೆ ಆ ವಾರದ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಹಾಕಿದ ಒಸಡಿನಲ್ಲಿ ಮೂರು ತಿಂಗಳಿಗೆ ಎಷ್ಟು ಉಳಿಯಿತು, ವರ್ಷಗಳು ಕಳೆದ ಮೇಲೆ ಎಷ್ಟು ಉಳಿಯಿತು, ಅದರ ಕೆಳಗಿನ ಮೂಳೆ ಎಲ್ಲಿ ನಿಂತಿದೆ, ಆ ಜಾಗದಲ್ಲಿ ಬ್ರಶ್ ಹಾಕಿದರೆ ಈಗ ಹೇಗನ್ನಿಸುತ್ತೆ, ಇಷ್ಟು ತಿಳಿದರೆ ಮಾತ್ರ ಕೆಲಸ ಚೆನ್ನಾಗಿತ್ತೋ ಇಲ್ಲವೋ ಅಂತ ಹೇಳಬಹುದು. ನಾನು ಕಸಿ ಮಾಡಿಸಿಕೊಂಡದ್ದು 2019ರ ನವೆಂಬರ್‌ನಲ್ಲಿ, ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸ್ವಲ್ಪ ಮುಂಚೆ. ಬರೆಯುತ್ತಿರುವುದು ಈಗ.

ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಬೆಳಗ್ಗೆಯಿಂದ ರಾತ್ರಿವರೆಗೆ ಟೇಪು, ಕತ್ತರಿ, ಸೂಜಿ, ಅಳತೆ ಪುಸ್ತಕ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಕ್ಲಿನಿಕ್ಕಿನಲ್ಲಿ ನನಗೆ ಇಷ್ಟವಾದದ್ದು ಮುಖ್ಯವಾಗಿ ಅವರು ಅಳೆಯುವ ರೀತಿ. ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಬರೆದಿಡುತ್ತಾರೆ, ಬರೆದಿದ್ದನ್ನು ನಮಗೂ ಕೊಡುತ್ತಾರೆ.

ನನ್ನ ಕೆಳದವಡೆಯ ಬಲಗಡೆಯ ದೊಡ್ಡ ದವಡೆಹಲ್ಲಿನ ಬೇರು ಸೀಳಿತ್ತು, ಕೀಳಿಸಬೇಕಾಯಿತು. ತುಂಬ ದಿನ ಆ ಜಾಗ ಖಾಲಿಯೇ ಇತ್ತು. ಆಮೇಲೆ ಬೇರೆ ಒಂದು ಕಡೆ ಇಂಪ್ಲಾಂಟ್ ಹಾಕಿಸಿಕೊಂಡು ಕ್ಯಾಪ್ ಕೂಡಿಸಿಕೊಂಡೆ. ಆ ಕ್ಲಿನಿಕ್ಕಿನ ಹೆಸರು ಇಲ್ಲಿ ಬೇಡ. ಸ್ಕ್ರೂ ಮೂಳೆಯಲ್ಲಿ ಗಟ್ಟಿಯಾಗಿ ಕೂತಿತ್ತು, ಅದರಲ್ಲಿ ಕೊರತೆ ಹೇಳುವಂತಿಲ್ಲ. ಆದರೆ ಕ್ಯಾಪಿನ ಹೊರಮಗ್ಗುಲಲ್ಲಿ, ಕೆನ್ನೆ ಕಡೆ, ಬ್ರಶ್ ತಾಗಿದರೆ ಸಾಕು ಉರಿ. ಸುಟ್ಟ ಗಾಯದ ಮೇಲೆ ಉಜ್ಜಿದಂಥ ಉರಿ. ಹೇಳಿದಾಗಲೆಲ್ಲ ಅವರು ಮೆತ್ತಗೆ ಉಜ್ಜಿ ಅಂದರು, ಬಾಯಿ ಮುಕ್ಕಳಿಸುವ ಔಷಧಿ ಕೊಟ್ಟರು. ಮೆತ್ತಗೆ ಉಜ್ಜಿದರೆ ಅಲ್ಲಿ ಪಾಚಿ ಕಟ್ಟುತ್ತೆ, ಪಾಚಿ ಕಟ್ಟಿದರೆ ಒಸಡು ಊದುತ್ತೆ, ಊದಿದ ಒಸಡಿಗೆ ಬ್ರಶ್ ತಾಗಿದರೆ ರಕ್ತ. ಹೀಗೇ ಸುತ್ತು ಸುತ್ತಿ ಸಾಕಾಗಿತ್ತು.

ನನ್ನ ತಂಗಿ ಮಗಳು ಸಹನಾ ಆಗ ಬಿಡಿಎಸ್ ಓದುತ್ತಿದ್ದಳು. ಹಬ್ಬಕ್ಕೆ ಮನೆಗೆ ಬಂದವಳು ಟಾರ್ಚ್ ಹಿಡಿದು ನೋಡಿ, "ದೊಡ್ಡಮ್ಮ, ಇಲ್ಲಿ ಗಟ್ಟಿ ಒಸಡೇ ಇಲ್ಲ, ಕೆನ್ನೆ ಒಳಗಿನ ಚರ್ಮವೇ ನೇರ ಕ್ಯಾಪ್‌ವರೆಗೂ ಬಂದಿದೆ. ನೀವು ಒಸಡಿನ ಡಾಕ್ಟರಿಗೇ ತೋರಿಸ್ಬೇಕು" ಅಂದಳು. ಒಸಡಿಗೇ ಪ್ರತ್ಯೇಕವಾಗಿ ಎಂಡಿಎಸ್ ಮಾಡಿದ ಡಾಕ್ಟರುಗಳಿರುತ್ತಾರೆ, ಪೆರಿಯೊಡಾಂಟಿಸ್ಟ್ ಅನ್ನುತ್ತಾರೆ ಅನ್ನುವುದು ನನಗೆ ತಿಳಿದದ್ದು ಅವಳಿಂದಲೇ. ಹಾಗೆ ಬಂದದ್ದು ಈ ಜಯನಗರದ ಕ್ಲಿನಿಕ್ಕಿಗೆ.

ಮೊದಲ ದಿನವೇ ಕೆಲಸದ ರೀತಿ ಬೇರೆ ಅನ್ನಿಸಿತು. ಅಲ್ಲಿಯ ಒಸಡಿನ ಡಾಕ್ಟರ್ ಮೇಡಂ ನನ್ನ ಕೆನ್ನೆ ಹಿಡಿದು ಮೆಲ್ಲಗೆ ಎಳೆದು ಬಿಟ್ಟು ನೋಡಿದರು. ಎಳೆದಾಗಲೆಲ್ಲ ಕ್ಯಾಪಿನ ಅಂಚಿನ ಒಸಡೂ ಜೊತೆಗೇ ಸರಿಯುತ್ತಿತ್ತು. ನನ್ನ ಕೈಗೆ ಕನ್ನಡಿ ಕೊಟ್ಟು ಅದನ್ನು ತೋರಿಸಿದರು. ಆಮೇಲೆ ಅಯೋಡಿನ್ ಅಲರ್ಜಿ ಏನಾದರೂ ಇದೆಯಾ ಅಂತ ಕೇಳಿ, ಹತ್ತಿಯಲ್ಲಿ ಅಯೋಡಿನ್ ಅದ್ದಿ ಆ ಜಾಗಕ್ಕೆ ಹಚ್ಚಿದರು. ಪಕ್ಕದ ಹಲ್ಲಿನ ಬುಡದಲ್ಲಿ ತಿಳಿಗುಲಾಬಿ ಪಟ್ಟಿಯೊಂದು ಬಣ್ಣ ಹಿಡಿಯದೆ ಹಾಗೇ ಉಳಿಯಿತು, ಅದರ ಕೆಳಗಿನದೆಲ್ಲ ಕಂದಾಯಿತು. ಇಂಪ್ಲಾಂಟ್ ಹತ್ತಿರ ಮಾತ್ರ ಕಂದು ಬಣ್ಣ ಹೆಚ್ಚುಕಡಿಮೆ ಕ್ಯಾಪಿನ ಅಂಚಿನವರೆಗೂ ಏರಿತ್ತು. ಬಣ್ಣ ಹಿಡಿಯದ ಭಾಗವೇ ಗಟ್ಟಿ ಒಸಡು, ಊಟದ ಉಜ್ಜಾಟ, ಬ್ರಶ್ಶಿನ ಉಜ್ಜಾಟ ತಡೆಯುವುದು ಅದೇ. ಗೆರೆ ಹಾಕಿದ ತೆಳು ಕಡ್ಡಿಯಂಥ ಪ್ರೋಬ್ ಇಟ್ಟು ಅಳೆದರು. ಅರ್ಧ ಮಿಲಿಮೀಟರ್ ಇತ್ತು. 2 ಮಿಲಿಮೀಟರ್ ಆದರೂ ಇದ್ದರೆ ಒಳ್ಳೆಯದು ಅನ್ನುವುದು ಈ ವೃತ್ತಿಯವರಲ್ಲಿ ಬಳಕೆಯಲ್ಲಿರುವ ಲೆಕ್ಕ.

ಹಲ್ಲು ಕಿತ್ತ ಮೇಲೆ ಮೂಳೆ ಕುಗ್ಗುತ್ತೆ, ಅದರ ಜೊತೆ ಗಟ್ಟಿ ಒಸಡಿನ ಪಟ್ಟಿಯೂ ಕಿರಿದಾಗುತ್ತೆ, ಕೆಳದವಡೆಯ ಹಿಂಭಾಗದಲ್ಲಿ ಇದು ಹೆಚ್ಚು ಅಂತ ವಿವರಿಸಿದರು. ಸ್ಕ್ರೂ ಹಾಕುವ ಮುಂಚೆಯೋ, ಕ್ಯಾಪ್ ಕೂಡಿಸುವ ಮುಂಚೆಯೋ ಯಾರಾದರೂ ಇದನ್ನು ನೋಡಿದ್ದರೆ ಕೆಲಸ ಸುಲಭವಾಗುತ್ತಿತ್ತು. ಇಂಪ್ಲಾಂಟ್ ಹಾಕಿಸಿಕೊಳ್ಳಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೂಳೆಯ ಸ್ಕ್ಯಾನ್ ಬಗ್ಗೆ ಕೇಳುವ ಹಾಗೇ, "ನನ್ನ ಒಸಡಿನ ಅಗಲ ಎಷ್ಟಿದೆ, ದಪ್ಪ ಎಷ್ಟಿದೆ" ಅಂತಲೂ ಕೇಳಿ. ದಯವಿಟ್ಟು ಕೇಳಿ. ನನಗೆ ಆ ಮಾತು ಹೇಳುವವರು ಆಗ ಯಾರೂ ಇರಲಿಲ್ಲ.

ಇಂಪ್ಲಾಂಟಿಗೆ ಇದು ಯಾಕೆ ಇಷ್ಟು ಮುಖ್ಯ ಅನ್ನುವುದನ್ನು ಮೇಡಂ ಒಂದು ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದು ತೋರಿಸಿದರು. ನಮ್ಮ ಸ್ವಂತ ಹಲ್ಲಿನಲ್ಲಿ ಒಸಡಿನ ನಾರುಗಳು ಬೇರಿನ ಮೇಲ್ಪದರದ ಒಳಕ್ಕೇ ನೆಟ್ಟುಕೊಂಡಿರುತ್ತವೆ. ಟೈಟಾನಿಯಂ ಸ್ಕ್ರೂವನ್ನು ಮೂಳೆ ಕಚ್ಚಿಕೊಳ್ಳುತ್ತದೆ, ಆದರೆ ಒಸಡಿನ ನಾರು ಅದರೊಳಕ್ಕೆ ನೆಡುವುದಿಲ್ಲ, ಪಕ್ಕದಲ್ಲಿ ಉದ್ದಕ್ಕೂ ಸುತ್ತಲೂ ಹಾದುಹೋಗುತ್ತದೆ. ಹಲ್ಲಿಗೂ ಮೂಳೆಗೂ ನಡುವೆ ಇರುವ ತೆಳುಪೊರೆಯಿಂದ ಒಸಡಿಗೆ ಸಿಗುತ್ತಿದ್ದ ರಕ್ತವೂ ಇಲ್ಲಿ ಇರುವುದಿಲ್ಲ. ಹಾಗಾಗಿ ಪಾಚಿ ಕಟ್ಟಿ ಬಾವು ಬಂದರೆ ಅದು ಒಳಕ್ಕೆ ಇಳಿಯುವುದನ್ನು ತಡೆಯಲು ಅಡ್ಡ ಕಡಿಮೆ. ಬಾವು ಒಸಡಿನಲ್ಲಿ ಮಾತ್ರ ಇದ್ದರೆ ಮ್ಯೂಕೊಸೈಟಿಸ್, ಚೊಕ್ಕಟ ಮಾಡಿದರೆ ವಾಸಿಯಾಗುತ್ತೆ. ಮೂಳೆಯನ್ನೂ ತಿನ್ನಲು ಶುರುಮಾಡಿದರೆ ಪೆರಿ-ಇಂಪ್ಲಾಂಟೈಟಿಸ್, ಅದನ್ನು ಹಿಡಿದು ನಿಲ್ಲಿಸುವುದು ಕಷ್ಟದ ಕೆಲಸ. ನನ್ನದು ಇನ್ನೂ ಮೊದಲನೆಯದರಲ್ಲೇ ಇತ್ತು. ಎಕ್ಸ್‌ರೇಯಲ್ಲಿ ಮೂಳೆ ಜಾಗದಲ್ಲೇ ಇತ್ತು.

ಗಟ್ಟಿ ಒಸಡು ಇಲ್ಲದ ಎಲ್ಲರಿಗೂ ಕಸಿ ಬೇಕೇ ಬೇಕು ಅಂತ ಈ ಕ್ಲಿನಿಕ್ಕಿನಲ್ಲಿ ಹೇಳಲಿಲ್ಲ, ಅದನ್ನು ನಾನು ಗೌರವದಿಂದ ನೆನೆಯುತ್ತೇನೆ. ಸಹನಾಳೂ ಅದನ್ನೇ ಓದಿ ಹೇಳಿದ್ದಳು. 2017ರ ನವೆಂಬರ್‌ನಲ್ಲಿ ಷಿಕಾಗೋದಲ್ಲಿ ಅಮೆರಿಕ ಮತ್ತು ಯುರೋಪಿನ ಒಸಡು ತಜ್ಞರ ಸಂಘಗಳು ಸೇರಿ ಕೂತು ಇಂಪ್ಲಾಂಟ್ ಸುತ್ತಲಿನ ಕಾಯಿಲೆಗಳನ್ನೂ ಸೇರಿಸಿ ಹೊಸ ವರ್ಗೀಕರಣ ಮಾಡಿದವು, 2018ರಲ್ಲಿ ಅದು ಅಚ್ಚಾಯಿತು. ಗಟ್ಟಿ ಒಸಡು ಇದ್ದರೆ ಇಂಪ್ಲಾಂಟ್ ಬಹುಕಾಲ ಆರೋಗ್ಯವಾಗಿರುತ್ತೆ ಅನ್ನುವುದಕ್ಕೆ ಸಿಕ್ಕಿರುವ ಪುರಾವೆ ಎರಡೂ ಕಡೆಗೆ ವಾಲುತ್ತೆ, ಆದರೆ ಅದು ಇದ್ದರೆ ರೋಗಿಗೆ ಹಿತ, ಚೊಕ್ಕಟ ಮಾಡಿಕೊಳ್ಳಲು ಸುಲಭ ಅನ್ನುವುದು ಅಲ್ಲಿಯ ಮಾತು. ಮೇಡಂ ಕೂಡ ಹಾಗೇ ಅಂದರು: "ನೋಡಿ ಅಮ್ಮ, ನಿಮಗೆ ಉರಿ ಇಲ್ದೆ ಉಜ್ಜೋಕೆ ಆಗ್ತಿದ್ರೆ ನಾನು ಸುಮ್ನೆ ವರ್ಷಕ್ಕೆರಡು ಸಲ ನೋಡ್ತಾ ಇರ್ತಿದ್ದೆ. ಉಜ್ಜೋಕೇ ಆಗ್ತಿಲ್ಲ ಅನ್ನೋದು ಇಲ್ಲಿ ತೊಂದ್ರೆ. ಅದಕ್ಕೇ ಮಾಡೋಣ ಅಂತಿದೀನಿ."

ಅದು ಬಾಯಿಮಾತಲ್ಲ ಅನ್ನುವುದು ಆಮೇಲೆ ಖಚಿತವಾಯಿತು. ನಮ್ಮ ಅಂಗಡಿಗೆ ಬರುವ ಚಾಮರಾಜಪೇಟೆಯ ಒಬ್ಬರನ್ನು ನಾನೇ ಅಲ್ಲಿಗೆ ಕಳಿಸಿದ್ದೆ. ಅವರಿಗೂ ಗಟ್ಟಿ ಒಸಡು ಕಮ್ಮಿಯೇ, ಆದರೆ ನೋವಿಲ್ಲ, ರಕ್ತವಿಲ್ಲ, ಪಾಚಿಯಿಲ್ಲ. ಕಸಿ ಬೇಡ ಅಂದು, ಕ್ಲೀನ್ ಮಾಡಿ, ಬ್ರಶ್ ಹಿಡಿಯುವ ರೀತಿ ತೋರಿಸಿ ಕಳಿಸಿದರು. ದೊಡ್ಡ ಬಿಲ್ ಮಾಡುವ ಅವಕಾಶ ಕೈಯಲ್ಲಿದ್ದೂ ಬೇಡ ಅಂದರು.

ಒಸಡನ್ನು ಎಲ್ಲಿಂದ ತರುವುದು ಅನ್ನುವ ಪ್ರಶ್ನೆ ಬಂದಾಗ ಎರಡು ದಾರಿ ಹೇಳಿದರು. ಒಂದು, ನನ್ನದೇ ಅಂಗಳದಿಂದ, ಅಂದರೆ ಬಾಯಿಯ ಮೇಲ್ಛಾವಣಿಯಿಂದ, ತೆಳ್ಳಗೆ ಒಂದು ತುಂಡು ತೆಗೆದು ಹಾಕುವುದು. ಇನ್ನೊಂದು, ಅಂಗಡಿಯಲ್ಲಿ ಸಿಗುವ ಕೊಲಾಜನ್ ಹಾಳೆ. ಹಾಳೆ ಹಾಕಿದರೆ ಬಾಯಲ್ಲಿ ಎರಡನೇ ಗಾಯ ಇಲ್ಲ, ನೋವು ಕಮ್ಮಿ, ಆದರೆ ಸಾಮಾನ್ಯವಾಗಿ ಸ್ವಂತದ್ದರಷ್ಟು ಅಗಲ ಸಿಗುವುದಿಲ್ಲ. "ಅದು ಯಾವುದರಿಂದ ಮಾಡಿದ್ದು?" ಅಂತ ಕೇಳಿದೆ. ಸುತ್ತಿಬಳಸದೆ, "ಈ ಹಾಳೆ ಹಂದಿಯಿಂದ ತಯಾರಾಗಿದ್ದು, ಬೇರೆ ಕಂಪನಿಗಳದ್ದು ದನದಿಂದ ಮಾಡಿದ್ದೂ ಇದೆ" ಅಂದರು. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತರುವುದಿಲ್ಲ. ಮೊದಲೇ ಹೇಳಿದ್ದಕ್ಕೆ ಅಲ್ಲೇ ಕೈಮುಗಿದೆ. ನಾನು ನನ್ನದೇ ಅಂಗಳದ್ದನ್ನು ಆರಿಸಿಕೊಂಡೆ. ಸಸ್ಯಾಹಾರಿಗಳು, ಮುಸ್ಲಿಂ ಬಂಧುಗಳು, ಯಾರೇ ಆಗಲಿ, ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿ. ಎಲ್ಲ ಕಡೆಯೂ ತಾವಾಗಿ ಹೇಳುವುದಿಲ್ಲ.

ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತಪರೀಕ್ಷೆ, ಮಾಡಿಸಿ ತನ್ನಿ ಅಂದರು. 6.8 ಇತ್ತು, ಒಪ್ಪಿದರು. ಬೀಡಿ, ಸಿಗರೇಟು ಸೇದುವವರಿಗೆ ಕಸಿ ಹಿಡಿಯುವುದು ಕಷ್ಟ, ಬಿಟ್ಟು ಬಂದರೆ ಮಾಡುತ್ತೇನೆ ಅಂತ ಪಕ್ಕದಲ್ಲಿ ಕೂತಿದ್ದ ಒಬ್ಬರಿಗೆ ಹೇಳುತ್ತಿದ್ದುದೂ ಕಿವಿಗೆ ಬಿತ್ತು.

ಆಪರೇಷನ್ ದಿನದ ಒಂದು ಸಂಗತಿಯನ್ನು ವಿವರವಾಗಿ ಬರೆಯಲೇಬೇಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಇಂಪ್ಲಾಂಟ್ ಪಕ್ಕದ ಸಡಿಲ ಚರ್ಮವನ್ನು ಬಿಡಿಸಿ ಕೆಳಕ್ಕೆ ಸರಿಸಿ ಹೊಲಿದರು. ಮೂಳೆಗೆ ಅಂಟಿದ ತೆಳುಪದರವನ್ನು ಮಾತ್ರ ಹಾಗೇ ಬಿಟ್ಟಿದ್ದರು, ಕಸಿಗೆ ರಕ್ತ ಬರಬೇಕಾದದ್ದು ಅದರಿಂದಲೇ ಅಂತೆ. ಆಮೇಲೆ ಹೊಲಿಗೆ ದಾರ ಬರುವ ಪ್ಯಾಕೆಟ್ಟಿನ ಬೆಳ್ಳಿಹಾಳೆಯಂಥ ತಗಡನ್ನು ತೆಗೆದುಕೊಂಡು, ಆ ಜಾಗದ ಆಕಾರಕ್ಕೆ ಕತ್ತರಿಸಿ, ಬಾಯೊಳಗಿಟ್ಟು ನೋಡಿ, ಒಂದು ಮೂಲೆ ಹೆಚ್ಚಾಯಿತೆಂದು ತೆಗೆದು ಮತ್ತೆ ಕತ್ತರಿಸಿದರು. ಸರಿಯಾದ ಮೇಲೆ ಅದೇ ತುಂಡನ್ನು ಅಂಗಳದ ಮೇಲಿಟ್ಟು ಅದರ ಅಂಚು ಹಿಡಿದು ಗುರುತು ಮಾಡಿಕೊಂಡರು. ಬ್ಲೌಸಿಗೆ ನಾನು ದಿನಾ ಪೇಪರ್ ಕಟಿಂಗ್ ಮಾಡುತ್ತೇನೆ. ಬಾಯಿ ಅಗಲಿಸಿ ಮಲಗಿದ್ದರೂ ಮೇಲಿನ ಲೈಟಿನ ಹೊಳಪಿನಲ್ಲಿ ಅವರ ಬೆರಳು ಕಾಣುತ್ತಿತ್ತು, ಅಷ್ಟು ಹೊತ್ತಿನಲ್ಲಿ ನನ್ನ ಭಯ ಹೋಗಿತ್ತು. ಈ ಕೈಗೆ ಅಳತೆ ಗೊತ್ತು ಅನ್ನಿಸಿತು.

ತುಂಡು ಅಂಗಳದ ಮುಂಭಾಗದಲ್ಲಿ, ಕೋರೆಹಲ್ಲಿನಿಂದ ಹಿಂದಕ್ಕೆ ದವಡೆಹಲ್ಲಿನವರೆಗಿನ ಜಾಗದಲ್ಲಿ ತೆಗೆಯುತ್ತಾರೆ. ಇನ್ನೂ ಹಿಂದೆ ಹೋದರೆ, ಇಲ್ಲವೇ ಆಳಕ್ಕೆ ಹೋದರೆ, ದೊಡ್ಡ ರಕ್ತನಾಳ ಇದೆ. ದಪ್ಪ ಒಂದರಿಂದ ಒಂದೂವರೆ ಮಿಲಿಮೀಟರ್. ಅದನ್ನು ಒದ್ದೆ ಗಾಜಿನ ಮೇಲೆ ಮಲಗಿಸಿ, ಅಡಿಯಲ್ಲಿದ್ದ ಹಳದಿ ಕೊಬ್ಬಿನ ಚೂರುಗಳನ್ನು ಬಿಡಿಸಿ, ಇಂಪ್ಲಾಂಟ್ ಪಕ್ಕ ಇಟ್ಟು ಹೊಲಿದರು. ಕೂದಲಿನಂಥ ದಾರ, ಅರ್ಧಚಂದ್ರದ ಸೂಜಿ, ಮೂಲೆಗೊಂದು ಗಂಟು, ಮೇಲಿಂದ ಅಡ್ಡಕ್ಕೆ ಹಾದು ಕೆಳಕ್ಕೆ ಒತ್ತಿ ಹಿಡಿಯುವ ಎರಡು ಎಳೆ. ಎಲ್ಲೂ ಸುಕ್ಕಿಲ್ಲ, ಎಲ್ಲೂ ಎಳೆತವಿಲ್ಲ. ಕೊನೆಗೆ ಒದ್ದೆ ಬಟ್ಟೆ ಇಟ್ಟು ಐದು ನಿಮಿಷ ಬೆರಳಲ್ಲಿ ಒತ್ತಿಹಿಡಿದಿದ್ದರು. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ನಿಂತರೆ ಕಸಿ ಹಿಡಿಯುವುದಿಲ್ಲವಂತೆ. ಮೊದಲ ಎರಡು ಮೂರು ದಿನ ಆ ತುಂಡಿಗೆ ಸ್ವಂತ ರಕ್ತನಾಳ ಇರುವುದಿಲ್ಲ, ಕೆಳಗಿನಿಂದ ಜಿನುಗುವ ದ್ರವವನ್ನು ಹೀರಿಕೊಂಡೇ ಬದುಕುತ್ತದೆ. ಅಷ್ಟರಲ್ಲಿ ಅಲುಗಿದರೆ ಸತ್ತೇ ಹೋಗುತ್ತದೆ.

ಇನ್ನು ನೋವು. ಕಸಿ ಹಾಕಿದ ಜಾಗಕ್ಕಿಂತ ಅಂಗಳದ ಗಾಯವೇ ಹೆಚ್ಚು ಕಾಡಿತು. ಅದಕ್ಕೆ ಮುಚ್ಚಳದಂತೆ ಪಾರದರ್ಶಕ ಪ್ಲೇಟ್ ಮಾಡಿಕೊಟ್ಟಿದ್ದರು, ಅದು ಹಾಕಿಕೊಂಡಿದ್ದಾಗ ತಣ್ಣಗೆ ಮೊಸರನ್ನ, ಆರಿದ ರಾಗಿ ಅಂಬಲಿ ಇಳಿಯುತ್ತಿತ್ತು. ಒಂದು ರಾತ್ರಿ ಅಂಗಳದಿಂದ ರಕ್ತ ಒಸರಿತು. ತಡವಾಗಿತ್ತು, ಆದರೂ ಫೋನ್ ಎತ್ತಿಕೊಂಡು, ಬಟ್ಟೆ ಇಟ್ಟು ಎಷ್ಟು ಹೊತ್ತು ಒತ್ತಬೇಕು ಅಂತ ಹೇಳಿ, ನಿಲ್ಲುವವರೆಗೂ ಮೇಡಂ ಲೈನಿನಲ್ಲೇ ಇದ್ದರು. ಆದರೂ ಒಂದು ಮಾತು: ಅಂಗಳದ ನೋವು ಎರಡು ವಾರ ಇರಬಹುದು ಅಂತ ಮೊದಲೇ ಇನ್ನಷ್ಟು ಒತ್ತಿ ಹೇಳಬೇಕಿತ್ತು. "ಸ್ವಲ್ಪ ಉರಿ ಇರುತ್ತೆ" ಅಂದಿದ್ದರು. ಆ ವರ್ಷ ಪರಿಷೆಯ ಕಡಲೆಕಾಯಿ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ರಾಶಿ ಬಿದ್ದಿತ್ತು, ನನಗೆ ಒಂದು ಕಾಳೂ ಬಾಯಿಗೆ ಹಾಕಲಾಗಲಿಲ್ಲ.

ಒಂದು ವಾರದ ಹೊತ್ತಿಗೆ ಕಸಿಯ ಮೇಲ್ಭಾಗ ಬೆಳ್ಳಗಾಗಿ ಪೊರೆಯಂತೆ ಕಿತ್ತು ಬಂತು. ನೋಡಿದರೆ ಹೆದರಿಕೆಯಾಗುತ್ತೆ, ಎಲ್ಲ ಕೊಳೆತುಹೋಯಿತೇನೋ ಅನ್ನಿಸುತ್ತೆ. ಹಾಗಾಗುವುದು ಸಹಜ, ಮೇಲಿನ ಚರ್ಮ ಉದುರಿ ಕೆಳಗಿನಿಂದ ಹೊಸದು ಬರುತ್ತೆ ಅಂತ ಮೊದಲೇ ಫೋಟೊ ತೋರಿಸಿದ್ದರಿಂದ ನಿದ್ದೆಗೆಡಲಿಲ್ಲ. ಹೊಲಿಗೆ ಬಿಚ್ಚುವ ಹೊತ್ತಿಗೆ ಕೆಂಪಗೆ, ಜೀವ ಬಂದ ಬಣ್ಣ. ಅಲ್ಲಿಯವರೆಗೂ ಆ ಕಡೆ ಬ್ರಶ್ ಇಲ್ಲ, ಕ್ಲೋರ್‌ಹೆಕ್ಸಿಡಿನ್ ಹಾಕಿ ಮುಕ್ಕಳಿಸುವುದಷ್ಟೇ. ಆ ಔಷಧಿಯಿಂದ ಹಲ್ಲಿಗೆ ಕಂದುಕಲೆ ಬಂದಿತ್ತು, ಆಮೇಲೆ ಅವರೇ ತೆಗೆದುಕೊಟ್ಟರು.

ಈಗ ಅಳತೆಗೆ ಬರುತ್ತೇನೆ. ಕಸಿ ಹಾಕಿದ ದಿನ ಅಗಲ 6 ಮಿಲಿಮೀಟರ್. ಮೂರು ತಿಂಗಳಾದಾಗ 4. ಮೊದಲ ಸಲ ಕೇಳಿದವರಿಗೆ ಎದೆ ಧಸಕ್ಕೆನ್ನುತ್ತೆ, ಮೂರರಲ್ಲಿ ಒಂದು ಪಾಲು ಹೋಯಿತಲ್ಲ ಅಂತ. ಆದರೆ ಅಂಗಳದಿಂದ ಹೀಗೆ ತೆಗೆದು ಹಾಕಿದ ಒಸಡು ಕುಗ್ಗಿಯೇ ಕುಗ್ಗುತ್ತದೆ, ಕುಗ್ಗುವುದರ ಬಹುಪಾಲು ಮೊದಲ ಮೂರು ತಿಂಗಳಲ್ಲೇ ಮುಗಿಯುತ್ತದೆ. ಅದು ಗೊತ್ತಿದ್ದೇ ಅವರು ಬೇಕಾದ್ದಕ್ಕಿಂತ ಅಗಲದ ತುಂಡು ತೆಗೆದದ್ದು. ನೀರಿಗೆ ಹಾಕದ ಕಾಟನ್ ಬಟ್ಟೆಗೆ ನಾವು ಒಳಗೆ ಮಾರ್ಜಿನ್ ಬಿಟ್ಟು ಕತ್ತರಿಸುವ ಹಾಗೆ. ಕುಗ್ಗಿದ ಮೇಲೂ ಬೇಕಾದಷ್ಟು ಉಳಿಯಬೇಕು, ಉಳಿದದ್ದು ಅಲ್ಲಾಡದೆ ಮೂಳೆಗೆ ಅಂಟಿ ನಿಲ್ಲಬೇಕು. ಎರಡೂ ಆಗಿದೆ.

ಅಷ್ಟು ಹೊತ್ತಿಗೆ 2020ರ ಮಾರ್ಚ್ ಬಂತು, ಲಾಕ್‌ಡೌನ್. ಕ್ಲಿನಿಕ್ ಬಾಗಿಲು ಹಾಕಿತ್ತು, ನನ್ನ ಅಂಗಡಿಯೂ ಹಾಕಿತ್ತು. ಆಗಲೂ ಅವರು ರೋಗಿಗಳನ್ನು ಕೈಬಿಡಲಿಲ್ಲ. ಚಮಚದ ಹಿಂಬದಿಯಲ್ಲಿ ಕೆನ್ನೆ ಸರಿಸಿ ಹೇಗೆ ಫೋಟೊ ತೆಗೆಯಬೇಕು ಅಂತ ವಾಟ್ಸಾಪಿನಲ್ಲಿ ಹೇಳಿಕೊಟ್ಟರು. ನನ್ನ ಮಗ ತೆಗೆದು ಕಳಿಸುತ್ತಿದ್ದ, ಅವರು ನೋಡಿ, "ಹಿಂದಿನ ಮೂಲೆಗೆ ಬ್ರಶ್ ತಲುಪ್ತಿಲ್ಲ ಅಮ್ಮ, ಸಣ್ಣ ತಲೆ ಬ್ರಶ್ ತಗೊಳ್ಳಿ" ಅಂತ ಬರೆಯುತ್ತಿದ್ದರು. ಒಂದೇ ಗೊಂಚಲಿನ ಸಣ್ಣ ಬ್ರಶ್ ಒಂದಿದೆ, ಸಿಂಗಲ್ ಟಫ್ಟ್ ಅನ್ನುತ್ತಾರೆ. ಅದನ್ನು ಕ್ಯಾಪ್ ಮತ್ತು ಒಸಡು ಸೇರುವ ಗೆರೆಯ ಮೇಲೆ ಮೆಲ್ಲಗೆ ನಡೆಸಿಕೊಂಡು ಹೋಗಬೇಕು. ಹಲ್ಲುಗಳ ಸಂದಿಗೆ ಬಾಟಲಿ ಬ್ರಶ್ಶಿನ ಆಕಾರದ ಪುಟಾಣಿ ಬ್ರಶ್. ಈ ಎರಡರ ಕೆಲಸ ಕಸಿಯ ಕೆಲಸಕ್ಕಿಂತ ಕಡಿಮೆಯಲ್ಲ ಅಂತ ನಾನು ನಂಬಿದ್ದೇನೆ. ಕಸಿ ಇಲ್ಲದಿದ್ದಾಗ ಇವನ್ನು ಅಲ್ಲಿ ಮುಟ್ಟಿಸಲಾಗುತ್ತಿರಲಿಲ್ಲ, ಈಗ ರಾತ್ರಿ ಮಲಗುವ ಮುಂಚೆ ನಿಶ್ಚಿಂತೆಯಿಂದ ಉಜ್ಜುತ್ತೇನೆ. ಉರಿ ಎಂಬುದೇ ಇಲ್ಲ.

ಅಲ್ಲಿಂದೀಚೆಗೆ ಆರು ತಿಂಗಳಿಗೊಮ್ಮೆ ಹೋಗುತ್ತೇನೆ. ಪ್ರತಿ ಸಲವೂ ಅದೇ ಕ್ರಮ: ಪ್ರೋಬನ್ನು ಹಗುರವಾಗಿ ಇಳಿಸಿ ಸುತ್ತ ಆರು ಕಡೆ ಆಳ ಅಳೆಯುತ್ತಾರೆ, ರಕ್ತ ಬರುತ್ತಾ ನೋಡುತ್ತಾರೆ, ಗಟ್ಟಿ ಒಸಡಿನ ಅಗಲ ಬರೆಯುತ್ತಾರೆ, ಪ್ರೋಬ್ ಪಕ್ಕದಲ್ಲಿಟ್ಟು ಫೋಟೊ ತೆಗೆಯುತ್ತಾರೆ. ಮಾಮೂಲಿ ಉಕ್ಕಿನ ಕೊಂಡಿಯಿಂದ ಕೆರೆಯುವುದಿಲ್ಲ, ಇಂಪ್ಲಾಂಟಿಗೆಂದೇ ಇರುವ ಸಾಧನ ಮತ್ತು ನಯವಾದ ಪುಡಿ ಬೆರೆಸಿದ ನೀರಿನ ಸ್ಪ್ರೇ ಬಳಸುತ್ತಾರೆ. ವರ್ಷಕ್ಕೊಮ್ಮೆ ಎಕ್ಸ್‌ರೇ, ಪ್ರತಿ ಸಲ ಒಂದೇ ಕೋನದಲ್ಲಿ ಬರುವಂತೆ ಹಲ್ಲಲ್ಲಿ ಕಚ್ಚಿಕೊಳ್ಳುವ ಹಿಡಿಕೆ ಇಟ್ಟು. ಎಕ್ಸ್‌ರೇಯಲ್ಲಿ ಸ್ಕ್ರೂವಿನ ಸುತ್ತುಗಳು ಒಂದೊಂದೂ ಕಾಣುತ್ತವೆ. 2019ರ ಚಿತ್ರದಲ್ಲಿ ಮೂಳೆ ಯಾವ ಸುತ್ತಿನ ಹತ್ತಿರ ಇತ್ತೋ ಈ ವರ್ಷದ ಚಿತ್ರದಲ್ಲೂ ಅಲ್ಲೇ ಇದೆ, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಇಂಪ್ಲಾಂಟ್ ಹಾಕಿದ ಮೊದಲ ವರ್ಷ ಮೂಳೆ ಸ್ವಲ್ಪ ಇಳಿಯುವುದು ಸಹಜ, ಆಮೇಲೆ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು ಅನ್ನುವ ಅಳತೆಗೋಲು 1986ರಿಂದಲೇ ಬಳಕೆಯಲ್ಲಿದೆಯಂತೆ. ಅಗಲದ ಲೆಕ್ಕ ಹೇಳುವುದಾದರೆ ಮೂರು ತಿಂಗಳಿಗೆ 4 ಇದ್ದದ್ದು ಈಗ ಮೂರೂವರೆಯಿಂದ ನಾಲ್ಕರ ನಡುವೆ. ನನ್ನ ಅಂಗಡಿಯ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಇದೆಲ್ಲ ಬರೆದಿಟ್ಟಿದ್ದೇನೆ.

ಬಣ್ಣ ಮಾತ್ರ ಸೇರಿಲ್ಲ. ಅಂಗಳದ ಚರ್ಮ ಅಂಗಳದ ಚರ್ಮವಾಗಿಯೇ ಉಳಿದಿದೆ, ಸುತ್ತಲಿನದಕ್ಕಿಂತ ಬೆಳ್ಳಗೆ, ಸ್ವಲ್ಪ ಉಬ್ಬಾಗಿ. ದವಡೆಯ ಹಿಂದೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ, ನನಗೇನೂ ಬೇಸರವಿಲ್ಲ. ಆದರೆ ಮುಂದಿನ ಹಲ್ಲಿಗೆ ಈ ಥರದ ಕಸಿ ಚೆನ್ನಾಗಿ ಕಾಣುವುದಿಲ್ಲ ಅಂತ ಮೇಡಂ ಕೂಡ ಹೇಳುತ್ತಾರೆ. ಅಲ್ಲಿ ಬೇಕಾದದ್ದು ದಪ್ಪ. ಅಂಗಳದ ಮೇಲ್ಚರ್ಮವನ್ನು ಬಿಟ್ಟು ಒಳಪದರವನ್ನು ಮಾತ್ರ ತೆಗೆದು, ಇಂಪ್ಲಾಂಟ್ ಮುಂದಿನ ಒಸಡಿನ ಅಡಿಗೆ ಸೇರಿಸಿ ಹೊಲಿಯುತ್ತಾರೆ. ಮೇಲಿನ ಒಸಡು ಅಲ್ಲಿಯದೇ ಆದ್ದರಿಂದ ಬಣ್ಣ ಕೂಡುತ್ತದೆ, ತೆಳು ಒಸಡಿನ ಹಿಂದಿನಿಂದ ಲೋಹದ ಬೂದು ನೆರಳು ಕಾಣುವುದೂ ಕಮ್ಮಿಯಾಗುತ್ತದೆ. ಆದರೆ ಒಸಡು ಜಾರಿ ಲೋಹ ಬಯಲಾದ ಮೇಲೆ ಅದನ್ನು ಪೂರ್ತಿ ಮುಚ್ಚುತ್ತೇವೆ ಅಂತ ಯಾರಾದರೂ ಖಾತ್ರಿ ಕೊಟ್ಟರೆ ಎರಡು ಸಲ ಯೋಚಿಸಿ. ಹಲ್ಲಿನ ಬೇರನ್ನು ಮುಚ್ಚಿದಷ್ಟು ಭರವಸೆಯಿಂದ ಇಂಪ್ಲಾಂಟನ್ನು ಮುಚ್ಚಲಾಗುವುದಿಲ್ಲ. ಲೋಹದ ಮೇಲೆ ಬಿದ್ದ ಭಾಗಕ್ಕೆ ಕೆಳಗಿನಿಂದ ರಕ್ತ ಸಿಗುವುದಿಲ್ಲವಲ್ಲ.

ದುಡ್ಡಿನ ವಿಷಯ. ನನಗೆ ಆಗ ಕಸಿಗೆ ಹದಿನೆಂಟು ಸಾವಿರ ಆಯಿತು. ಅಂಗಳದ ಪ್ಲೇಟಿಗೆ ಬೇರೆ ಹಣ ಅಂತ ಬಿಲ್ ಕೊಡುವಾಗ ಹೇಳಿದರು, ಅದು ಸರಿಯಲ್ಲ. ಎಲ್ಲ ಸೇರಿಸಿ ಮೊದಲೇ ಹೇಳಬೇಕು. ಇಷ್ಟು ಕೊಡಲಾಗದವರಿಗೆ ಊರಲ್ಲಿ ಬೇರೆ ದಾರಿಯೂ ಇದೆ. ಕೋಟೆ ಹತ್ತಿರದ ಸರ್ಕಾರಿ ದಂತ ಕಾಲೇಜು, ವಿ.ವಿ. ಪುರದ ಒಕ್ಕಲಿಗರ ಸಂಘದ ದಂತ ಕಾಲೇಜು, ಜೆ.ಪಿ. ನಗರದ ಆರ್.ವಿ. ದಂತ ಕಾಲೇಜು, ಎಲ್ಲ ಕಡೆ ಒಸಡಿನ ವಿಭಾಗ ಇದೆ. ಎಂಡಿಎಸ್ ಓದುವವರು ಪ್ರೊಫೆಸರುಗಳ ಕಣ್ಣೆದುರಿನಲ್ಲಿ ಕೆಲಸ ಮಾಡುತ್ತಾರೆ. ಹೊತ್ತು ಹಿಡಿಯುತ್ತೆ, ಖರ್ಚು ಕಡಿಮೆ. ಹೊರಗೆ ಕೊಟ್ಟಷ್ಟು ಕೊಡಲಾಗದ ನನ್ನ ಅಂಗಡಿಯ ಹುಡುಗಿಯರಿಗೆ ನಾನು ಇದನ್ನೇ ಹೇಳುತ್ತೇನೆ.

ಕ್ಲಿನಿಕ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿನೋವಿನವರಿಗೆ ಕಷ್ಟ. ಇಂಪ್ಲಾಂಟ್ ಹಾಕಿಸಿಕೊಳ್ಳುವವರಲ್ಲಿ ವಯಸ್ಸಾದವರೇ ಹೆಚ್ಚು, ಇದಕ್ಕೊಂದು ವ್ಯವಸ್ಥೆ ಮಾಡಲೇಬೇಕು. ಸಂಜೆ ಹೊತ್ತು ಅಪಾಯಿಂಟ್‌ಮೆಂಟ್ ಇದ್ದರೂ ಕಾಯಬೇಕು. ನಾನು ಬೆಳಗ್ಗೆ ಮೊದಲ ಹೊತ್ತಿಗೇ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ ಜಯನಗರದಲ್ಲಿ ಇಳಿದುಬಿಡುತ್ತೇನೆ. ಆರ್.ವಿ. ರೋಡಿನಿಂದ ಮೆಟ್ರೊದ ಹಳದಿ ಲೈನ್ ಶುರುವಾದ ಮೇಲೆ ಟ್ರೈನಿನಲ್ಲಿ ಆ ಕಡೆಗೆ ಹೋಗುವ ಜನ ಜಾಸ್ತಿ, ಆದರೂ ಗಾಡಿ ನಿಲ್ಲಿಸಲು ಜಾಗ ಹುಡುಕುವ ಕೆಲಸಕ್ಕಿಂತ ವಾಸಿ.

ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ, ಇಂಪ್ಲಾಂಟ್ ಯಾವ ಕಂಪನಿಯದು, ಯಾವ ಸೈಜು ಅಂತ ಬರೆದ ಸ್ಟಿಕ್ಕರನ್ನೂ ತಗೊಂಡು ಹೋಗಿ. ಮೊದಲು ಹಾಕಿದವರು ನನಗೆ ಅದನ್ನು ಕೊಟ್ಟೇ ಇರಲಿಲ್ಲ. ಕ್ಯಾಪ್ ಬಿಚ್ಚಬೇಕಾಗಿ ಬಂದರೆ ಯಾವ ಸ್ಕ್ರೂಡ್ರೈವರ್ ಹೊಂದುತ್ತೆ ಅನ್ನುವುದು ಅದರಿಂದಲೇ ತಿಳಿಯುವುದಂತೆ. ಮೇಡಂ ಎಕ್ಸ್‌ರೇ ನೋಡಿ, ನಾಲ್ಕು ಕಡೆ ಫೋನ್ ಮಾಡಿ ಕಂಪನಿ ಪತ್ತೆಹಚ್ಚಿ ಒಂದು ಕಾರ್ಡಿನಲ್ಲಿ ಬರೆದುಕೊಟ್ಟರು.

ಕ್ಲಿನಿಕ್ಕಿನವರು ಇದನ್ನು ಓದಿದರೆ ನನ್ನದೊಂದು ಕೋರಿಕೆ. ಆಪರೇಷನ್ ಆದ ಮೇಲೆ ಏನು ತಿನ್ನಬೇಕು, ಯಾವ ಕಡೆ ಉಜ್ಜಬಾರದು, ರಕ್ತ ಬಂದರೆ ಏನು ಮಾಡಬೇಕು ಅಂತ ಕೊಡುವ ಹಾಳೆ ಇವತ್ತಿಗೂ ಇಂಗ್ಲಿಷಿನಲ್ಲಿ ಮಾತ್ರ ಇದೆ. ನಿಮ್ಮಲ್ಲಿಗೆ ಬರುವ ನನ್ನ ವಯಸ್ಸಿನ ಹೆಂಗಸರಲ್ಲಿ ಎಷ್ಟೋ ಜನ ಅದನ್ನು ಮಗನ ಹತ್ತಿರವೋ ಮೊಮ್ಮಗಳ ಹತ್ತಿರವೋ ಓದಿಸಿಕೊಳ್ಳಬೇಕು, ರಾತ್ರಿ ರಕ್ತ ಬಂದಾಗ ಮನೆಯಲ್ಲಿ ಅವರು ಇರಬೇಕೆಂದಿಲ್ಲ. ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿ. ಸಹನಾ ಬರೆದುಕೊಡುತ್ತೇನೆ ಅಂದಿದ್ದಾಳೆ, ಅಚ್ಚಿನ ಖರ್ಚು ನಾನು ಕೊಡುತ್ತೇನೆ ಅಂತ ರಿಸೆಪ್ಷನ್ನಿನ ಹುಡುಗಿಗೂ ಹೇಳಿ ಬಂದಿದ್ದೇನೆ.